ಎತ್ತಿಟ್ಟ ಬಟ್ಟೆ

ಕರಡಿಗುಂಡು ಊರಿನ ಪಾಪಮ್ಮನ ಮನೆಯಲ್ಲಿ ಒಂದು ಒಡಕು ವಾಡೆ ಇತ್ತು. ಆಳೆತ್ತರದ ಮಣ್ಣಿನ ವಾಡೆ, ಅವಳ ಮಾವನ ಕಾಲದಲ್ಲಿ ರಾಗಿ ತುಂಬಿಡಲು ಮಾಡಿಸಿದ್ದು. ಬುಡದಲ್ಲಿ ಬಿರುಕು ಬಿಟ್ಟ ಮೇಲೆ ಅದರಲ್ಲಿ ರಾಗಿ ನಿಲ್ಲಲಿಲ್ಲ. ಮನೆಯವರಿಗಿಂತ ಮೊದಲೇ ಇಲಿಗಳು ಊಟ ಮುಗಿಸುತ್ತಿದ್ದವು. ಬೇರೆಯವರಾಗಿದ್ದರೆ ಅದನ್ನು ಒಡೆದು ಹಿತ್ತಿಲಿಗೆ ಎಸೆಯುತ್ತಿದ್ದರು. ಪಾಪಮ್ಮ ತಳಕ್ಕೆ ಬೇವಿನ ಸೊಪ್ಪು ಹಾಸಿ, ಅದರ ತುಂಬ ಬಟ್ಟೆ ಇಟ್ಟಳು.

ಉಡುವ ಬಟ್ಟೆಯಲ್ಲ, ಹೊಲಿಯಬೇಕಾದ ಬಟ್ಟೆ. ತೀರಿಹೋದ ಅತ್ತೆಯ ಸೀರೆಯ ಅಂಚು, ಡೆಂಕಣಿಕೋಟೆ ಸಂತೆಯಲ್ಲಿ ಮಿಷನ್ ಇಟ್ಟುಕೊಂಡಿದ್ದ ದರ್ಜಿಯ ಕಾಲಬುಡದಿಂದ ಆಯ್ದ ತುಂಡುಗಳು, ಕಡ್ಡಿ ಮುರಿದ ಕೊಡೆಯ ಕರಿ ಬಟ್ಟೆ, ಯುದ್ಧಕ್ಕೆ ಸೇರಿ ರಜಕ್ಕೆ ಬಂದಿದ್ದ ನೆಂಟರವನೊಬ್ಬ ಬಿಟ್ಟುಹೋದ ಖಾಕಿ ಅಂಗಿಯ ತೋಳು. ಎಲ್ಲವೂ ಒಗೆದು, ಮಡಿಸಿ, ಒಂದರ ಮೇಲೊಂದು ಪೇರಿಸಿದ್ದು. ಯಾವ ತುಂಡು ಯಾವುದಕ್ಕೆ ಎಂಬುದು ಆಗಲೇ ತೀರ್ಮಾನವಾಗಿತ್ತು. ಖಾಕಿ ತೋಳು ಎಲೆಅಡಿಕೆ ಸಂಚಿಗೆ. ನೀಲಿ ಪಟ್ಟೆಯ ತುಂಡು ತಲೆದಿಂಬಿಗೆ; ಆ ದಿಂಬಿಗೆ ಬೇಕಾದ ಬೂರುಗದ ಹತ್ತಿ ಇನ್ನೂ ಮರದಲ್ಲೇ ಇತ್ತು. ಕೆಂಪಂಚಿನವು ಅಷ್ಟೂ ಮೊಮ್ಮಗಳ ಮದುವೆಗೆ ಕೊಡುವ ಬೊಂತೆಗೆ ಮೀಸಲು. ಬೊಂತೆ ಎಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಹೊದಿಕೆ. ಮೊಮ್ಮಗಳು ಇನ್ನೂ ಹುಟ್ಟಿರಲಿಲ್ಲ.

ಪಾಪಮ್ಮ ಹೊಲಿಯಲು ಕೂರುತ್ತಿದ್ದುದು ನಡುಮನೆಯಲ್ಲಿ, ಗವಾಕ್ಷಿಯ ಕೆಳಗೆ. ಅಲ್ಲಿಂದ ಬೀಳುವ ಬಿಸಿಲು ಬೆಳಿಗ್ಗೆ ಪಡಸಾಲೆಯ ಬಾಗಿಲ ಕಡೆ ಇರುತ್ತಿತ್ತು, ಸಂಜೆಗೆ ಒಲೆಯ ಕಡೆ ಹೋಗುತ್ತಿತ್ತು. ಅದರ ಹಿಂದೆಯೇ ಚಾಪೆ ಎಳೆದುಕೊಂಡು ಪಾಪಮ್ಮನೂ ಹೋಗುತ್ತಿದ್ದಳು. ಸೂಜಿಗಳನ್ನು ತಲೆಗೂದಲಿನ ಉಂಡೆಗೆ ಚುಚ್ಚಿ ಗೂಡಿನಲ್ಲಿಟ್ಟಿದ್ದಳು. ಕೂದಲಿನ ಎಣ್ಣೆಯಿಂದಾಗಿ ಸೂಜಿಗೆ ತುಕ್ಕು ಹಿಡಿಯುವುದಿಲ್ಲ. ದಾರವನ್ನು ಹಳೇ ಸೀರೆಯಿಂದ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿದ್ದಳು. ಕತ್ತರಿ ಇರಲಿಲ್ಲ. ಈಳಿಗೆ ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ತರಕಾರಿ ಹೆಚ್ಚುವ ಹಾಗೆ ಬಟ್ಟೆ ಕೊಯ್ಯುತ್ತಿದ್ದಳು. ಹೀಗಾಗಿ ಅವಳು ಹೊಲಿದ ಪ್ರತಿಯೊಂದರಲ್ಲೂ ಈರುಳ್ಳಿಯ ವಾಸನೆ ಸಣ್ಣಗೆ ಇದ್ದೇ ಇರುತ್ತಿತ್ತು. ಅದನ್ನು ಯಾರೂ ಅವಳ ಮುಂದೆ ಆಡುತ್ತಿರಲಿಲ್ಲ.

ಹೊಲಿಗೆ ಮಾತ್ರ ಕಣ್ಣಿಗೆ ಒತ್ತಿಕೊಳ್ಳುವಂಥದ್ದು. ಅವಳು ಹಾಕಿದ ಹೊಲಿಗೆ ಹಿಂದುಮುಂದು ಒಂದೇ ಥರ ಇರುತ್ತಿತ್ತು. ತೊಂದರೆ ಏನೆಂದರೆ ಅವಳು ಹೊಲಿದದ್ದಕ್ಕಿಂತ ಎತ್ತಿಟ್ಟದ್ದೇ ಹೆಚ್ಚು. ಆ ಮನೆಯಲ್ಲಿ ಎಲ್ಲರಿಗಿಂತ ಹರಕು ಬಟ್ಟೆಯಲ್ಲಿ ತಿರುಗುತ್ತಿದ್ದವನು ಅವಳ ಗಂಡ ದೊಡ್ಡವೆಂಕಟಪ್ಪ.

"ಪಂಚೆ ಹಿಂದ್ಗಡೆ ಹರಿದೋಗೈತೆ ಕಣೆ. ಒಂದು ಚೂರು ತೇಪೆ ಹಾಕು" ಎನ್ನುತ್ತಿದ್ದ.

"ಬಟ್ಟೆ ಎಲ್ಲೈತೆ?"

"ವಾಡೆ ತುಂಬ ಐತಲ್ಲ."

"ಅದು ಎತ್ತಿಟ್ಟಿರೋದು."

ದೊಡ್ಡವೆಂಕಟಪ್ಪ ಕಂಬಳಿಯನ್ನು ಸ್ವಲ್ಪ ಕೆಳಕ್ಕೆ ಎಳೆದುಕೊಂಡು ಹೊಲಕ್ಕೆ ಹೋಗುತ್ತಿದ್ದ.

ಅದು ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದಿತ್ತು. ಡೆಂಕಣಿಕೋಟೆಯ ಕಂಟ್ರೋಲು ಅಂಗಡಿಯ ಮುಂದೆ ಇಡೀ ದಿನ ನಿಂತರೆ ಸಂಜೆ ಒಳಗಿನವನು ಹೊರಗೆ ಬಂದು "ತುಣಿ ಇಲ್ಲೆ, ಪೋ ಪೋ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದ. ಬಟ್ಟೆ ಇಲ್ಲ ಎಂಬ ಆ ಮಾತನ್ನು ಕೇಳಿ ಕೇಳಿ, ತಮಿಳು ಬಾರದವರಿಗೂ ಅಷ್ಟು ತಮಿಳು ಬಂತು. ಊರಿನಲ್ಲಿ ಹಳೇ ಬಟ್ಟೆ ಎನ್ನುವುದೇ ಇಲ್ಲವಾಯಿತು. ಇದ್ದದ್ದೆಲ್ಲ ಮೈಮೇಲೇ ಇತ್ತು. ಇಂಥ ಊರಿನ ನಡುವೆ ಪಾಪಮ್ಮನ ವಾಡೆ ಬಾಯಿಮಟ್ಟ ತುಂಬಿಕೊಂಡು ನಿಂತಿತ್ತು.

ಎದುರುಮನೆಯ ರಾಮಕ್ಕ ಒಮ್ಮೆ ಕೇಳಲು ಬಂದಿದ್ದಳು. ಅವಳ ಗಂಡ ಆವುಲಪ್ಪ ದೊಡ್ಡವೆಂಕಟಪ್ಪನಿಗೆ ದಾಯಾದಿ, ವರಸೆಯಲ್ಲಿ ತಮ್ಮ. ಅವನು ಸಾಕ್ಷಿ ಹೇಳಲು ಹೊಸೂರು ಕಚೇರಿಗೆ ಹೋಗಬೇಕಿತ್ತು, ಅವನ ಚಲ್ಲಣ ಕೂರುವ ಜಾಗದಲ್ಲಿ ಹರಿದಿತ್ತು. ಅಂಗೈಯಗಲ ತುಂಡು ಸಾಕು ಅಕ್ಕ ಎಂದು ರಾಮಕ್ಕ ಗೋಗರೆದಳು. ವಾಡೆಯ ಬಾಯಲ್ಲೇ ಆ ನೀಲಿ ಪಟ್ಟೆಯ ತುಂಡು ಕಾಣುತ್ತಿತ್ತು. ಪಾಪಮ್ಮ ಅದನ್ನು ಕೈಯಲ್ಲಿ ಎತ್ತಿ, ನೋಡಿ, ಮತ್ತೆ ಒಳಗಿಟ್ಟು, "ಇದು ತಲೆದಿಂಬಿಗೆ ಎತ್ತಿಟ್ಟಿರೋದು ಕಣೆ ರಾಮಿ" ಎಂದಳು.

ಆವುಲಪ್ಪ ಹೊಸೂರಿಗೆ ಹಾಗೆಯೇ ಹೋದ. ಅಲ್ಲಿ ಬೆಂಚು ತೋರಿಸಿ "ಉಕ್ಕಾರು, ಉಕ್ಕಾರು" ಎಂದರೂ ಕೂರದೆ, ಗೋಡೆಗೆ ಬೆನ್ನು ಕೊಟ್ಟು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದ. ಎಷ್ಟು ಮರ್ಯಾದಸ್ಥ ಎಂದು ಕಚೇರಿಯವರು ಹೊಗಳಿದರಂತೆ. ಮನೆಗೆ ಬಂದ ಮೇಲೆ ಅವನು ರಾಮಕ್ಕನ ಹತ್ತಿರ ಏನು ಹೇಳಿದನೋ, ಅಂದಿನಿಂದ ರಾಮಕ್ಕ ಪಾಪಮ್ಮನ ಜಗಲಿಗೆ ಬರುವುದನ್ನು ನಿಲ್ಲಿಸಿದಳು.

ಪಾಪಮ್ಮ ಜಿಪುಣಿ ಅಂತ ಊರು ಹೇಳುತ್ತಿತ್ತು. ಅದು ಪೂರ್ತಿ ನಿಜವಲ್ಲ. ರಾಗಿ ಹಿಟ್ಟು ಕೇಳಿದರೆ ಕೊಡುತ್ತಿದ್ದಳು, ಮಜ್ಜಿಗೆಯನ್ನು ಕೇಳದಿದ್ದರೂ ಕೊಡುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಹಟ: ಯಾರ ಮುಂದೆಯೂ ಸೆರಗು ಒಡ್ಡಬಾರದು. ಮುಂದೆ ಏನು ಬೇಕಾಗುತ್ತದೋ ಅದೆಲ್ಲ ಮೊದಲೇ ಮನೆಯಲ್ಲಿರಬೇಕು. ವಾಡೆ ತುಂಬಿದ್ದು ಅದಕ್ಕೇ.

ಆ ವಾಡೆಯ ತೀರ ತಳದಲ್ಲಿ, ಬೇವಿನ ಸೊಪ್ಪಿಗೆ ತಾಗುವ ಹಾಗೆ, ಒಂದು ತೊಂಡೆಕಾಯಿ ಹಸಿರಿನ ಸೀರೆಯ ಅರ್ಧ ಇತ್ತು. ಅದು ಅವಳ ತಾಯಿಯದು. ಮಗಳು ಅಂಜಮ್ಮ ಹುಟ್ಟಿದಾಗ ಜೋಲಿ ಕಟ್ಟಿದ್ದು ಅದರಲ್ಲೇ. ಒಗೆದೂ ಒಗೆದೂ ಎಷ್ಟು ಮೆತ್ತಗಾಗಿತ್ತೆಂದರೆ ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಅಂಜಮ್ಮನ ಮಗುವಿಗೂ ಅದೇ ಆಗಬೇಕೆಂದು ಪಾಪಮ್ಮ ಎತ್ತಿಟ್ಟಿದ್ದಳು. ಗುಮ್ಮಳಾಪುರಕ್ಕೆ ಕೊಟ್ಟಿದ್ದ ಅಂಜಮ್ಮ ಹಿಂದಿನ ವರ್ಷ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಗಂಡು ಮಗು ಹುಟ್ಟಿತು. ತೊಟ್ಟಿಲು ಹಾಕುವ ದಿನ ಹಸಿರು ಸೀರೆ ತೆಗೆಯೋಣ, ಅಲ್ಲಿಯವರೆಗೆ ಕೊಳೆಯಾಗುವುದು ಬೇಡ ಎಂದು ಪಾಪಮ್ಮ ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಮಗು ಹೋಗಿಬಿಟ್ಟಿತು. ಅದನ್ನು ಸುತ್ತಿಕೊಂಡು ಹೋದದ್ದು ದೊಡ್ಡವೆಂಕಟಪ್ಪನ ಹೆಗಲ ಮೇಲಿದ್ದ ಹರಕು ವಲ್ಲಿಯಲ್ಲಿ. ಅದನ್ನು ಪಾಪಮ್ಮ ಬಾಗಿಲಲ್ಲಿ ನಿಂತು ನೋಡಿದ್ದಳು. ಅಷ್ಟು ಬಟ್ಟೆ ಇಟ್ಟುಕೊಂಡು ಮಗುವನ್ನು ಹರಕಿನಲ್ಲಿ ಕಳಿಸಿದೆನಲ್ಲ ಎನ್ನುವುದು ಆಮೇಲೆ ಅವಳ ಎದೆಯಿಂದ ಇಳಿಯಲೇ ಇಲ್ಲ. ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳಲಿಲ್ಲ.

ಈಗ ಅಂಜಮ್ಮ ಮತ್ತೆ ಬಸುರಿ. ದೀಪಾವಳಿ ಮುಗಿದ ಮೇಲೆ ಗಾಡಿಯಲ್ಲಿ ತವರಿಗೆ ಬಂದಳು. ನೋಡಲು ಬಂದ ಸೂಲಗಿತ್ತಿ ಗೋವಿಂದಮ್ಮ ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆದುಕೊಂಡು, ವಾಡೆಯ ಕಡೆ ತಿರುಗಿದಳು. ಊರಿನ ಅರ್ಧಕ್ಕರ್ಧ ಜನರನ್ನು ಈ ಲೋಕಕ್ಕೆ ಎಳೆದವಳು ಅವಳೇ ಆದ್ದರಿಂದ, ಯಾರ ಮುಖಕ್ಕೂ ಏನು ಬೇಕಾದರೂ ಹೇಳುವ ಹಕ್ಕು ಅವಳಿಗಿತ್ತು.

"ಹುಟ್ಟೋದ್ಕಿಂತ ಮುಂಚೇನೇ ಮಗಿಗೆ ಬಟ್ಟೆ ಎತ್ತಿಟ್ಟಿದ್ಯಲ್ಲ ಪಾಪಿ, ಅದಕ್ಕೇ ಕಣೆ ಅದು ನಿಲ್ಲಲಿಲ್ಲ. ಹೊಟ್ಟೇಲಿರೋದ್ಕೆ ಯಾರಾದ್ರೂ ಬಟ್ಟೆ ಇಡ್ತಾರಾ?"

ಪಾಪಮ್ಮನ ಮುಖ ಸುಣ್ಣವಾಯಿತು.

"ಈಗ ಏನ್ಮಾಡ್ಲಿ ಅತ್ತೆ?"

"ಒಂದು ಹೋದ ಮ್ಯಾಲೆ ಇನ್ನೊಂದು ನಿಲ್ಬೇಕು ಅಂದ್ರೆ ತಿರುಪೆ ಬೊಂತೇಲಿ ಮಲಗಿಸ್ಬೇಕು. ಮಕ್ಳು ಬದುಕಿರೋ ಮನೆಗಳ ಮುಂದೆ ನೀನೇ ಹೋಗಿ ನಿಂತ್ಕೊ. ಸೆರಗೊಡ್ಡಿ ಬೇಡು. ಬಿದ್ದಿದ್ದು ತಗೊ. ಇದು ಬೇಕು ಅದು ಬೇಕು ಅಂತ ಕೇಳಂಗಿಲ್ಲ. ಬದಲಿಗೆ ಏನೂ ಕೊಡಂಗಿಲ್ಲ, ಕೊಟ್ರೆ ಅದು ಯಾಪಾರ ಆಯ್ತದೆ. ಮಗು ಹುಟ್ಟಿ ಅಳೋ ಗಂಟ ಸೂಜಿ ಮುಟ್ಬ್ಯಾಡ. ನಿನ್ನ ಮನೆ ಬಟ್ಟೆ ಒಂದು ನೂಲೂ ಅದ್ರಾಗೆ ಸೇರಂಗಿಲ್ಲ."

ಹೀಗೆ ಆ ಸೀಮೆಯಲ್ಲಿ ಯಾರ ಮನೆಯಲ್ಲೂ ಇಲ್ಲದಷ್ಟು ಬಟ್ಟೆ ಇದ್ದ ಹೆಂಗಸು ಚಿಂದಿ ಬೇಡಲು ಹೊರಟಳು.

ಮೊದಲ ದಿನ ಹೋಗಿದ್ದು ಕನಕಮ್ಮನ ಮನೆಗೆ. ಆ ಮನೆಯಲ್ಲಿ ಮಕ್ಕಳು ಎಷ್ಟಿದ್ದವೆಂದರೆ ಕನಕಮ್ಮನೇ ಒಮ್ಮೊಮ್ಮೆ ಹೆಸರು ತಪ್ಪುತ್ತಿದ್ದಳು. ಪಾಪಮ್ಮ ಸೆರಗಿನ ತುದಿ ಹಿಡಿದು, ಬೇರೆ ಕಡೆ ನೋಡುತ್ತ, "ಮಗಿಗೆ ಭಿಕ್ಷೆ ಹಾಕವ್ವ" ಎಂದಳು. ಜೀವಮಾನದಲ್ಲಿ ಆಡದ ಮಾತು. ಕೇಳಿದವರಿಗೆ ಬೈದ ಹಾಗೆ ಕೇಳಿಸಿತು.

ಕನಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಚೂರು ಐತೆ ಕಣಕ್ಕ. ಅದು ಎತ್ತಿಟ್ಟಿರೋದು" ಎಂದಳು.

ಮುಂದಿನ ಮನೆಯಲ್ಲೂ ಅದೇ ಮಾತು, ಅದರ ಮುಂದಿನ ಮನೆಯಲ್ಲೂ ಅದೇ. ಊರವರೆಲ್ಲ ಸೇರಿ ಮಾತಾಡಿಕೊಂಡಿದ್ದರೆಂದಲ್ಲ. ಆ ಮಾತು ಅಷ್ಟು ವರ್ಷಗಳಿಂದ ಎಲ್ಲರ ಮನೆಯಲ್ಲೂ ಉಳಿದುಕೊಂಡಿತ್ತು, ಈಗ ಹೊರಗೆ ಬಂತು. ಕೆಲವರಿಗೆ ನಿಜವಾಗಿಯೂ ಕೊಡಲು ಏನೂ ಇರಲಿಲ್ಲ. ಅವರೂ ಅದನ್ನೇ ಹೇಳಿದರು, ಹೇಳಲು ಹಿತವಾಗಿತ್ತು. ಪಾಪಮ್ಮ ಖಾಲಿ ಸೆರಗು ಕೊಡವಿಕೊಂಡು ಮನೆಗೆ ಬಂದಳು.

"ಏನಾರ ಸಿಕ್ತಾ?" ಎಂದ ದೊಡ್ಡವೆಂಕಟಪ್ಪ.

"ಇಲ್ಲ."

"ವಾಡೆ ತುಂಬಿರೋಳು ಬೇಡಿದ್ರೆ ಅದು ತಿರುಪೆ ಅಂತ ಯಾರು ನಂಬ್ತಾರೆ" ಎಂದು ಅವನು ಬೀಡಿ ಹಚ್ಚಿಕೊಂಡ. ಆ ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು.

ಒಳಗೆ ಅಂಜಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಅದನ್ನು ನೋಡಲಾರದೆ ಪಾಪಮ್ಮ ಒಂದು ಉಪಾಯ ಹೂಡಿದಳು. ತನ್ನ ಬಟ್ಟೆಯನ್ನು ತಾನು ಹಾಕುವ ಹಾಗಿಲ್ಲ, ಸರಿ. ಬೇರೆಯವರ ಕೈಯಲ್ಲಿ ಕೊಟ್ಟು, ಅವರಿಂದ ಬೇಡಿ ತಂದರೆ? ಆಗ ಅದು ಬೇಡಿದ ಬಟ್ಟೆಯೇ ತಾನೇ? ದೇವರು ಅಷ್ಟು ಒಳಹೊಕ್ಕು ನೋಡುತ್ತಾನೆಂದು ಅವಳಿಗೆ ಅನ್ನಿಸಲಿಲ್ಲ. ಗೋವಿಂದಮ್ಮ ನೋಡುತ್ತಾಳೆ, ಆದರೆ ಅವಳಿಗೆ ಹೇಳುವವರು ಯಾರು?

ವಾಡೆಯೊಳಗೆ ಅರ್ಧ ಇಳಿದು, ತಳದಿಂದ ಹಸಿರು ಸೀರೆಯನ್ನು ತೆಗೆದಳು. ಅದು ಹೇಗಾದರೂ ಈ ಮಗುವಿನ ಮೈಗೆ ತಾಗಲೇಬೇಕು, ಇನ್ನೊಂದು ಸಲ ತಪ್ಪಬಾರದು. ಎದುರುಮನೆಯ ರಾಮಕ್ಕನಿಗೆ ಎರಡು ಮಕ್ಕಳು, ಎರಡೂ ಗಟ್ಟಿ. ಮಧ್ಯಾಹ್ನ ಬೀದಿಯಲ್ಲಿ ಯಾರೂ ಇಲ್ಲದಾಗ ಸೀರೆಯನ್ನು ಸೆರಗಿನಡಿ ಇಟ್ಟುಕೊಂಡು ಹೋದಳು.

"ನಾಳೆ ಬಂದು ಭಿಕ್ಷೆ ಕೇಳ್ತೀನಿ ಕಣೆ ರಾಮಿ. ಆಗ ಇದನ್ನೇ ಹಾಕ್ಬುಡು."

ರಾಮಕ್ಕ ಸೀರೆಯನ್ನು ಬಿಡಿಸಿ ನೋಡಿದಳು, ಕೆನ್ನೆಗೆ ಒತ್ತಿಕೊಂಡಳು, ಮಡಿಸಿದಳು. "ಆಗ್ಲಿ ಕಣಕ್ಕ" ಎಂದಳು.

ಮಾರನೆಯ ದಿನ ಬೀದಿಯಲ್ಲಿ ನಾಲ್ಕು ಜನ ಇರುವ ಹೊತ್ತು ನೋಡಿಕೊಂಡೇ ಪಾಪಮ್ಮ ಹೋಗಿ ನಿಂತಳು. ಈ ಸಲ ದನಿ ಚೆನ್ನಾಗಿ ಬಂತು. "ಮಗಿಗೆ ಭಿಕ್ಷೆ ಹಾಕವ್ವಾ."

ರಾಮಕ್ಕ ಬಾಗಿಲಿಗೆ ಒರಗಿದಳು. "ಬಟ್ಟೆ ಇಲ್ಲ ಕಣಕ್ಕ."

ಪಾಪಮ್ಮ ಹುಬ್ಬು ಎತ್ತಿ ಸನ್ನೆ ಮಾಡಿದಳು. "ಇಲ್ವಾ? ಸರಿಯಾಗಿ ನೋಡು."

"ಒಂದೇ ಒಂದು ಐತೆ" ಎಂದಳು ರಾಮಕ್ಕ, ನಾಲ್ಕು ಜನಕ್ಕೂ ಕೇಳುವ ಹಾಗೆ. "ಅದು ಎತ್ತಿಟ್ಟಿರೋದು."

ಪಾಪಮ್ಮ ಬಾಯಿ ತೆರೆದಳು. ಅದು ನನ್ನದು ಎಂದರೆ ಉಪಾಯವೆಲ್ಲ ಬೀದಿಗೆ ಬೀಳುತ್ತದೆ. ಬಾಯಿ ಮುಚ್ಚಿದಳು. "ಆಗ್ಲವ್ವ" ಎಂದು ಹೇಳಿ, ಬೆನ್ನು ನೆಟ್ಟಗೆ ಮಾಡಿಕೊಂಡು ಬೀದಿ ದಾಟಿದಳು. ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತಳು. ತಾಯಿಯ ಸೀರೆ ಹೋದದ್ದಕ್ಕೆ ಅತ್ತಳು, ಮೋಸ ಮಾಡಲು ಹೋಗಿ ಮೋಸಹೋದದ್ದಕ್ಕೆ ಇನ್ನಷ್ಟು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಹಿಟ್ಟಿಗೆ ಎಸರಿಟ್ಟಳು.

ಅದೇ ವಾರ ಆನೆಗಳು ಬಂದವು. ರಾಗಿ ತೆನೆ ಬಲಿಯುವ ಹೊತ್ತಿಗೆ ಕಾಡಿನಿಂದ ಆನೆ ಇಳಿಯುವುದು ಆ ಊರಿಗೆ ಹೊಸದಲ್ಲ. ಪ್ರತಿ ವರ್ಷ ಗಂಡಸರು ಬಿದಿರಿಗೆ ಹಳೇ ಬಟ್ಟೆ ಸುತ್ತಿ, ಹೊಂಗೆಣ್ಣೆಯಲ್ಲಿ ಅದ್ದಿ, ಪಂಜು ಹಚ್ಚಿ ಅಟ್ಟುತ್ತಿದ್ದರು. ಈ ವರ್ಷ ಹೊಂಗೆಣ್ಣೆ ಇತ್ತು, ಬಿದಿರು ಇತ್ತು, ಬಟ್ಟೆ ಇರಲಿಲ್ಲ. ಹುಲ್ಲಿನ ಪಂಜು ಮಾಡಿ ನೋಡಿದರು; ಆನೆ ತಲೆಯೆತ್ತಿ ನೋಡುವಷ್ಟರಲ್ಲಿ ಆರಿಹೋಗುತ್ತಿತ್ತು. ಮೂಡಲ ಕಡೆಯ ಹೊಲಗಳು ಒಂದೇ ರಾತ್ರಿಗೆ ಮಣ್ಣುಪಾಲಾದವು. ಹಿಂಡು ಕೆರೆಯ ಆಚೆ ಗುಡ್ಡದಲ್ಲೇ ನಿಂತಿತ್ತು, ಉಳಿದ ಹೊಲಗಳಿಗೆ ಬರುವುದು ಖಂಡಿತ.

ಆವುಲಪ್ಪ ಇನ್ನೂ ಮೂರು ಜನರನ್ನು ಕರೆದುಕೊಂಡು ಹಗಲು ಹೊತ್ತಿನಲ್ಲೇ ದೊಡ್ಡವೆಂಕಟಪ್ಪನ ಜಗಲಿಗೆ ಬಂದ. ಬಂದು ಕೂರಲಿಲ್ಲ, ನಿಂತೇ ಇದ್ದ.

"ಏನ್ಲಾ ಆವುಲ, ಕೂತ್ಕೊಳ್ಳಲಾ" ಎಂದ ದೊಡ್ಡವೆಂಕಟಪ್ಪ.

"ಬ್ಯಾಡ ಅಣ್ಣ, ಅಭ್ಯಾಸ ಆಗೋಗೈತೆ" ಎಂದ ಆವುಲಪ್ಪ. ಆಮೇಲೆ ಬಾಗಿಲ ಹಿಂದೆ ನಿಂತಿದ್ದ ಪಾಪಮ್ಮನಿಗೆ ಹೇಳಿದ: "ಅತ್ತಿಗೆ, ಪಂಜಿಗೆ ಬಟ್ಟೆ ಬೇಕು. ಊರಲ್ಲಿ ಇರೋದು ನಿನ್ನತ್ರ ಮಾತ್ರ."

ಪಾಪಮ್ಮನ ಹೊಲ ಊರಿಗೆ ಅಂಟಿಕೊಂಡಿತ್ತು. ದೊಡ್ಡವೆಂಕಟಪ್ಪ ಆಗಲೇ ಕೊಯ್ದು ತೆನೆಯನ್ನು ಅಂಗಳಕ್ಕೆ ತಂದಿದ್ದ. ಆನೆ ಬಂದರೆ ಅವಳಿಗೆ ಹೋಗುವುದು ಏನೂ ಇರಲಿಲ್ಲ. ನಾಲಿಗೆಯ ತುದಿಗೆ ಆ ಹಳೆಯ ಮಾತು ಬಂದೇ ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು: ಒಂದು ತುಂಡಿಗೆ ಒಂದು ತುಂಡು ಎಂದರೆ? ಇವರು ಪಂಜಿಗೆ ಒಯ್ಯಲಿ, ಪ್ರತಿ ಮನೆಯಿಂದ ಬೊಂತೆಗೆ ಒಂದು ಚೂರು ಕೊಡಲಿ. ಈಗ ಕೇಳಿದರೆ ಮೈಮೇಲಿನದನ್ನೂ ಬಿಚ್ಚಿ ಕೊಡುತ್ತಾರೆ. ಆದರೆ ಅದು ಯಾಪಾರ. ಅಂಥ ಬೊಂತೆಯಲ್ಲಿ ಮಲಗಿಸಿ ಮಗುವಿಗೆ ಏನಾದರೂ ಆದರೆ?

"ರಾಗಿ ಹೋದ್ರೆ ಮಕ್ಳು ಏನ್ ತಿನ್ತಾವೆ ಅತ್ತಿಗೆ" ಎಂದ ಆವುಲಪ್ಪ.

ಆ ಮಾತಿಗೆ ಪಾಪಮ್ಮ ಬೆಚ್ಚಿದಳು. ಮಕ್ಕಳು ಬದುಕಿರುವ ಮನೆಗಳಲ್ಲಿ ಬೇಡು ಎಂದಿದ್ದಳು ಗೋವಿಂದಮ್ಮ. ಬರುವ ಬೇಸಗೆಯಲ್ಲಿ ಹಿಟ್ಟಿಲ್ಲದೆ ಹೋದರೆ ಅಂಥ ಮನೆ ಊರಲ್ಲಿ ಎಷ್ಟು ಉಳಿದಾವು? ಕನಕಮ್ಮನ ಹೆಸರು ತಪ್ಪುವ ಮಕ್ಕಳು, ರಾಮಕ್ಕನ ಗಟ್ಟಿ ಮಕ್ಕಳು ಕಣ್ಣ ಮುಂದೆ ಬಂದವು. ದೊಡ್ಡವೆಂಕಟಪ್ಪನ ಹರಕು ವಲ್ಲಿಯೂ ಕಣ್ಣ ಮುಂದೆ ಬಂತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಡೆಯ ಹತ್ತಿರ ಹೋದಳು.

"ಇದು ಸಂಚಿಗೆ ಎತ್ತಿಟ್ಟಿದ್ದು" ಎಂದು ಖಾಕಿ ತೋಳನ್ನು ಆವುಲಪ್ಪನ ಕೈಗೆ ಕೊಟ್ಟಳು. "ಇದು ಸೌದೆ ಮುಚ್ಚೋಕೆ." ಕೊಡೆಯ ಬಟ್ಟೆ ಹೋಯಿತು. "ಇದು ಮೊಮ್ಮಗಳ ಮದುವೆಗೆ." ಕೆಂಪಂಚಿನವು ಕಟ್ಟುಕಟ್ಟಾಗಿ ಹೋದವು. ಒಂದೊಂದು ತೆಗೆಯುವಾಗಲೂ ಯಾವುದಕ್ಕೆ ಎಂದು ಹೇಳಿಯೇ ಕೊಟ್ಟಳು, ಹೇಳದೆ ಕೊಡಲು ಅವಳಿಂದ ಆಗಲಿಲ್ಲ. ಸಾವಿನ ಮನೆಯಲ್ಲಿ ನಿಂತ ಹಾಗೆ ಗಂಡಸರು ತಲೆ ತಗ್ಗಿಸಿ ಒಂದೊಂದನ್ನೂ ತೆಗೆದುಕೊಂಡರು. ಕೊನೆಗೆ ನೀಲಿ ಪಟ್ಟೆಯ ತುಂಡು ಬಂತು.

ಆವುಲಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಇದೇನಾ ಅದು?"

"ಅದೇ ಕಣಪ್ಪ."

ಅವನು ಅದನ್ನು ಮಡಿಸಿ ಬೇರೆಯಾಗಿ ಇಟ್ಟುಕೊಂಡ.

ಆ ರಾತ್ರಿ ಅಷ್ಟು ಪಂಜು ಒಟ್ಟಿಗೆ ಉರಿದದ್ದನ್ನು ಊರು ಎಂದೂ ನೋಡಿರಲಿಲ್ಲವಂತೆ. ಬಟ್ಟೆ ಒಳ್ಳೆಯದಾಗಿತ್ತು, ನಿಂತು ಉರಿಯಿತು. ಹಿಂಡು ಕೆರೆ ದಾಟದೆ ಕಾಡಿನ ಕಡೆಗೆ ತಿರುಗಿತು. ಪಾಪಮ್ಮ ಹೊರಗೆ ಬಂದು ನೋಡಲಿಲ್ಲ. ಬೆಳಿಗ್ಗೆ ದೊಡ್ಡವೆಂಕಟಪ್ಪ ವಾಡೆಯೊಳಗೆ ತಲೆ ಹಾಕಿ "ಓ" ಎಂದು ಕೂಗಿ ನೋಡಿದ. ಒಳಗಿನಿಂದ "ಓ" ಎಂದು ತಿರುಗಿ ಬಂತು. ಅವನು ತಲೆ ಹೊರಗೆ ತೆಗೆದು ಹೆಂಡತಿಯನ್ನು ನೋಡಿದ, ಆಮೇಲೆ ಮೆಲ್ಲಗೆ ಹೊಲಕ್ಕೆ ಹೋದ.

ಮಡಕೆ ಇಳಿಸಲು ಮಸಿಬಟ್ಟೆಯೂ ಉಳಿದಿರಲಿಲ್ಲ. ಆ ವಾರವೆಲ್ಲ ಪಾಪಮ್ಮ ಸೆರಗಿನಲ್ಲೇ ಇಳಿಸಿದಳು. ಹಸಿರು ಸೀರೆಯೂ ಉರಿದುಹೋಗಿರಬೇಕೆಂದು ಅವಳಿಗೆ ಖಾತ್ರಿಯಾಗಿತ್ತು. ಪಂಜು ಹಿಡಿದವರಲ್ಲಿ ಮುಂದಾಳು ರಾಮಕ್ಕನ ಗಂಡನೇ. ಮನೆಯಲ್ಲಿದ್ದ ಅಷ್ಟು ಮೆತ್ತನೆಯ ಬಟ್ಟೆಯನ್ನು ಬಿಟ್ಟಾನೆಯೇ?

ಒಂದು ಬೆಳಿಗ್ಗೆ ಅಂಜಮ್ಮ ಅಂಗಳ ಗುಡಿಸುತ್ತಿದ್ದವಳು ಗೋಡೆ ಹಿಡಿದುಕೊಂಡಳು. ಗೋವಿಂದಮ್ಮ ಬಂದಳು. ದೊಡ್ಡವೆಂಕಟಪ್ಪನನ್ನು ಹೊರಗೆ ಕಳಿಸಿದಳು, ನೀರು ಕಾಯಿಸಲು ಹೇಳಿದಳು. "ಹಳೇ ಬಟ್ಟೆ ತಗೊಂಬಾ" ಎಂದಳು.

"ಇಲ್ಲ ಅತ್ತೆ" ಎಂದಳು ಪಾಪಮ್ಮ.

"ಏನು?"

"ಬಟ್ಟೆ ಇಲ್ಲ. ಒಂದು ಚಿಂದೀನೂ ಇಲ್ಲ."

ಗೋವಿಂದಮ್ಮ ಒಂದು ಗಳಿಗೆ ಅವಳ ಮುಖ ನೋಡಿದಳು. ಆ ಮನೆಯಲ್ಲಿ ಆ ಮಾತು ಕೇಳಬೇಕಾಗುತ್ತದೆಂದು ಅವಳು ಎಣಿಸಿರಲಿಲ್ಲ. "ಓಡು ಮತ್ತೆ" ಎಂದಳು.

ಪಾಪಮ್ಮ ಓಡಿದಳು. ಕೂದಲು ಬಿಚ್ಚಿತ್ತು, ಸೆರಗಿನಲ್ಲಿ ಒಲೆಯ ಮಸಿ ಇತ್ತು. ಕನಕಮ್ಮನ ಬಾಗಿಲಲ್ಲಿ ಸೆರಗನ್ನು ಎರಡೂ ಕೈಯಿಂದ ಒಡ್ಡಿ, "ಕನಕವ್ವಾ, ನನ್ ಮಗಳಿಗೆ ನೋವು ಬಂದೈತೆ, ಮನೇಲಿ ಬಟ್ಟೆ ಇಲ್ಲ, ಏನಾರ ಹಾಕವ್ವಾ" ಎಂದಳು. ಯಾರು ನೋಡುತ್ತಿದ್ದಾರೆ, ದನಿ ಹೇಗಿದೆ ಎಂಬುದೊಂದೂ ಅವಳ ಗಮನದಲ್ಲಿರಲಿಲ್ಲ. ಕನಕಮ್ಮ ಒಳಗೆ ಹೋಗಿ, ಒಂದು ಮಗುವಿನ ಅಂಗಿ ಕಳಚಿಕೊಂಡು ಬಂದು ಸೆರಗಿಗೆ ಹಾಕಿದಳು. ಆ ಮಗು ಬರಿ ಮೈಯಲ್ಲಿ ಬಾಗಿಲಿಗೆ ಬಂದು ತನ್ನ ಅಂಗಿ ಹೋಗುವುದನ್ನು ನೋಡಿತು. ಮುಂದಿನ ಮನೆಯಾಕೆ ಉಟ್ಟಿದ್ದ ಸೀರೆಯಲ್ಲೇ ಒಂದು ಗೇಣು ಹರಿದಳು. ಒಬ್ಬ ಮುದುಕ ತಲೆಯ ರುಮಾಲು ಬಿಚ್ಚಿ ಅರ್ಧ ಕೊಟ್ಟು, ಉಳಿದರ್ಧವನ್ನು ಮತ್ತೆ ಸುತ್ತಿಕೊಂಡ. ಎತ್ತಿಟ್ಟಿರೋದು ಎಂದು ಯಾರೂ ಹೇಳಲಿಲ್ಲ.

ಕೊನೆಗೆ ಉಳಿದದ್ದು ರಾಮಕ್ಕನ ಬಾಗಿಲು. ಪಾಪಮ್ಮ ಅಲ್ಲಿ ನಿಂತಳು. ಇಂಥದ್ದೇ ಬೇಕು ಎಂದು ಕೇಳುವ ಹಾಗಿಲ್ಲ. ಸೆರಗು ಮಾತ್ರ ಒಡ್ಡಿದಳು.

ರಾಮಕ್ಕ ಒಳಗೆ ಹೋದಳು. ಬರುವಾಗ ಕೈಯಲ್ಲಿ ತೊಂಡೆಕಾಯಿ ಹಸಿರು ಇತ್ತು.

"ಉರಿದೋಯ್ತು ಅಂದ್ಕೊಂಡಿದ್ದೆ" ಎಂದಳು ಪಾಪಮ್ಮ.

"ಇವರು ಪಂಜಿಗೆ ಕೊಡು ಅಂದ್ರು. ನಾನು ಕೊಡ್ಲಿಲ್ಲ." ರಾಮಕ್ಕ ಸೀರೆಯ ಮಡಿಕೆಯನ್ನು ಅಂಗೈಯಿಂದ ಸವರಿದಳು. "ಸಿಟ್ಟಿಗೇ ಇಟ್ಕೊಂಡಿದ್ದು ಕಣಕ್ಕ, ಸುಳ್ಳ್ಯಾಕೆ ಯೋಳ್ಲಿ. ಆವತ್ತೇ ಹಾಕಿದ್ರೆ ನಿನ್ನ ಬಟ್ಟೆ ನಿಂಗೇ ಕೊಟ್ಟಂಗಾಯ್ತಿತ್ತು. ಈಗ ಇದು ನಂದು. ಪಂಜಿಗೂ ಕೊಡ್ದೆ ಇಟ್ಕೊಂಡ್ಳು ಅಂತ ಊರೆಲ್ಲ ನನ್ನ ಬೈದೈತೆ. ನಂದನ್ನ ಹಾಕ್ತಾ ಇವ್ನಿ, ತಗೊ."

ಹಸಿರು ಸೀರೆ ಸೆರಗಿಗೆ ಬಿತ್ತು. ಪಾಪಮ್ಮನಿಗೆ ಕಣ್ಣು ಕಾಣಿಸಲಿಲ್ಲ. ಭಿಕ್ಷೆ ತೆಗೆದುಕೊಂಡವರು ಬಗ್ಗಬೇಕು, ಬಗ್ಗಿದಳು. ರಾಮಕ್ಕ ವಯಸ್ಸಿನಲ್ಲಿ ಚಿಕ್ಕವಳು, ನಾಚಿಕೆಯಾಗಿ ಹಿಂದೆ ಸರಿದಳು.

"ಓಡಕ್ಕ, ಓಡು" ಎಂದಳು.

ಹೆಣ್ಣು ಮಗು. ಹುಟ್ಟಿ ಅತ್ತ ಮೇಲೆಯೇ ಪಾಪಮ್ಮ ಸೂಜಿ ಮುಟ್ಟಿದಳು. ಗವಾಕ್ಷಿಯ ಬಿಸಿಲು ಒಲೆಯ ಕಡೆ ಹೋಗುವಷ್ಟರಲ್ಲಿ ಬೊಂತೆಯ ಒಂದು ಅಂಚು ಮುಗಿದಿತ್ತು. ಈಳಿಗೆ ಮಣೆಯಲ್ಲಿ ಏನನ್ನೂ ಕೊಯ್ಯಲಿಲ್ಲ. ಬಿದ್ದ ಚೂರು ಬಿದ್ದ ಆಕಾರದಲ್ಲೇ ಸೇರಿತು. ಕನಕಮ್ಮನ ಮಗುವಿನ ಅಂಗಿಗೆ ತೋಳೂ ಇತ್ತು, ಅದನ್ನೂ ಹಾಗೆಯೇ ಹೊಲಿದಳು. ಮೇಲಿನ ಪದರ, ಮೈಗೆ ತಾಗುವ ಪದರ, ಹಸಿರು ಸೀರೆ. ಅವಳ ಕೈಯಿಂದ ಅಷ್ಟು ಸೊಟ್ಟ ಹೊಲಿಗೆ ಬಂದದ್ದು ಅದೊಂದರಲ್ಲೇ. ಮೂರನೇ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ, ಯಾಕೆಂದು ಯಾರೂ ಹೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮಗು ಗಂಟಲು ಹರಿಯುವ ಹಾಗೆ ಅತ್ತಿತು, ದೊಡ್ಡವೆಂಕಟಪ್ಪ ಎರಡು ಮುದ್ದೆ ಉಂಡ. ಮಗುವಿಗೆ ಭಿಕ್ಷಮ್ಮ ಎಂದು ಹೆಸರಿಟ್ಟರು.

ಮುಂದಿನ ಸುಗ್ಗಿಯ ಹೊತ್ತಿಗೆ ಪಾಪಮ್ಮ ಮಗುವನ್ನು ನೋಡಲು ಗುಮ್ಮಳಾಪುರಕ್ಕೆ ಹೋದಳು. ಹೊರಡುವಾಗ ಎದುರುಮನೆಯ ಆವುಲಪ್ಪ ಜಗಲಿಯಿಂದ ಎದ್ದು ಗಾಡಿಗೆ ಮೂಟೆ ಎತ್ತಿಕೊಟ್ಟ. ಅವನ ಚಲ್ಲಣಕ್ಕೆ ಹಿಂದೆ ನೀಲಿ ಪಟ್ಟೆಯ ತೇಪೆ ಇತ್ತು, ಹೊಲಿಗೆ ಪಾಪಮ್ಮನದೇ. ಈಗ ಅವನು ಎಲ್ಲಿ ಬೇಕಾದರೂ ಕೂರುತ್ತಿದ್ದ.

ಗುಮ್ಮಳಾಪುರದ ಮನೆಯಲ್ಲಿ ಭಿಕ್ಷಮ್ಮ ಗೋಣಿ ತಾಟಿನ ಮೇಲೆ ಅಂಬೆಗಾಲಿಡುತ್ತಿದ್ದಳು. ಪಾಪಮ್ಮ ಮಗುವನ್ನು ಎತ್ತಿಕೊಂಡು, ಮೂಸಿ, ಮೈ ಕೈ ನೋಡಿ, ಸುತ್ತ ಕಣ್ಣಾಡಿಸಿದಳು.

"ಬೊಂತೆ ಎಲ್ಲೆ ಅಂಜಿ?"

ಅಂಜಮ್ಮ ಹೆಮ್ಮೆಯಿಂದ ಅಟ್ಟದ ಕಡೆ ಕೈ ತೋರಿಸಿದಳು. "ಒಗೆದು ಮಡಿಸಿ, ಬೇವಿನ ಸೊಪ್ಪು ಹಾಕಿ ಮಡಕೇಲಿಟ್ಟಿವ್ನಿ ಅವ್ವ. ಹರಿದೋದ್ರೆ? ಇವಳಿಗೆ ಮಗು ಆದಾಗ ಬೇಕಾಯ್ತದೆ ಅಂತ ಎತ್ತಿಟ್ಟಿವ್ನಿ."

ಪಾಪಮ್ಮ ಮಗುವನ್ನು ಕೆಳಗಿಟ್ಟಳು. ಏಣಿ ತಂದು ಗೋಡೆಗೆ ಒರಗಿಸಿ, ಆ ವಯಸ್ಸಿನಲ್ಲಿ ತಾನೇ ಅಟ್ಟ ಹತ್ತಿದಳು. ಅಂಜಮ್ಮ ಕೆಳಗೆ ನಿಂತು ಬೇಡ ಬೇಡ ಎನ್ನುತ್ತಿದ್ದಳು. ಪಾಪಮ್ಮ ಬೊಂತೆಯನ್ನು ಮೇಲಿನಿಂದಲೇ ಕೆಳಗೆ ಬಿಟ್ಟಳು. ಹಸಿರು ಪದರ ಮೇಲಾಗಿ ಅದು ಗೋಣಿ ತಾಟಿನ ಮೇಲೆ ಬಿತ್ತು, ಬೇವಿನ ಸೊಪ್ಪಿನ ಪುಡಿ ಎದ್ದಿತು.

"ಎತ್ತಿಡಬ್ಯಾಡ ಕಣೆ" ಎಂದಳು. "ಹೊದಿಸು. ಹರೀಲಿ. ಹರಿದ್ರೆ ಹೊಲಿಯಾಕೆ ನಾನಿಲ್ವಾ?"

ಭಿಕ್ಷಮ್ಮ ಆಗಲೇ ಬೊಂತೆಯ ಒಂದು ಮೂಲೆ ಹಿಡಿದಿದ್ದಳು. ಕನಕಮ್ಮನ ಮಗುವಿನ ಅಂಗಿಯ ತೋಳು ಅವಳ ಕೈಗೆ ಸಿಕ್ಕಿತ್ತು. ಅದನ್ನು ಹಿಡಿದು ಎಳೆದುಕೊಂಡು ಹೊಸ್ತಿಲು ದಾಟಿ, ಅಂಗಳದ ಧೂಳಿಗೆ ಇಳಿದಳು. ಅಂಜಮ್ಮ ಬಿಡಿಸಿಕೊಳ್ಳಲು ಹೋದಳು. ಪಾಪಮ್ಮ ಏಣಿಯ ಮೇಲಿನಿಂದಲೇ ಬೇಡ ಎಂದು ಕೈ ಆಡಿಸಿ, ನಿಧಾನವಾಗಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು.